ಛಾಯಾಚಿತ್ರದಲ್ಲಿ ಮಸುಕು ದೋಷವೆ?

ಛಾಯಾಚಿತ್ರವು ಕನ್ನಡಿಯಂತೆ ಸ್ಫುಟವಾಗಿರಬೇಕು, ಮುಖವು ಮಸುಕಾದರೆ ಚಿತ್ರವು ಕೆಟ್ಟಿತೆಂಬುದು ನಮ್ಮಲ್ಲಿ ಬಹುಜನರ ಮತ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು. ರಷ್ಯಾ ದೇಶದ ಅಲೆಕ್ಸೇಯ್ ತಿತಾರೆಂಕೊ ಎಂಬವರ ‘ನೆರಳುಗಳ ನಗರ’ವೆಂಬ ಕಪ್ಪು-ಬಿಳುಪು ಚಿತ್ರಮಾಲೆಯನ್ನು ನೋಡಿದಮೇಲೆ ಆ ಮತವನ್ನು ತಿದ್ದಿಕೊಳ್ಳಬೇಕಾಯಿತು.

ಮಸುಕೆಂಬುದು ಈ ಕಲೆಯೊಡನೆಯೇ ಹುಟ್ಟಿದುದು. 1838ರಲ್ಲಿ ಡಗೇರ್ ಎಂಬಾತನು ಪ್ಯಾರಿಸಿನ ಒಂದು ರಾಜಬೀದಿಯನ್ನು ಚಿತ್ರಿಸಿದಾಗ, ಫಲಕದ ಮೇಲೆ ಅನೇಕ ನಿಮಿಷಗಳವರೆಗೆ ಬೆಳಕು ಬೀಳಬೇಕಾಗಿದ್ದಿತು. ಆದಕಾರಣ ಚಲಿಸುತ್ತಿದ್ದ ಜನವೂ ಗಾಡಿಗಳೂ ಚಿತ್ರದಲ್ಲಿ ಮೂಡಲಿಲ್ಲ. ಬೂಟುಗಳಿಗೆ ಹೊಳಪು ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬನು ಉಳಿದುಕೊಂಡನು. ಅಲ್ಲಿ ಅದು ಸಾಧನದ ಅಶಕ್ತಿ. ತಿತಾರೆಂಕೊ ಅವರು ಅದನ್ನೇ ಬುದ್ಧಿಪೂರ್ವಕವಾಗಿ ಕೈಕೊಂಡರು.

1991ರಲ್ಲಿ ಸೋವಿಯತ್ ಒಕ್ಕೂಟವು ಅಳಿಯಿತು. ಅದೇ ವರ್ಷ ಲೆನಿನ್‌ಗ್ರಾಡ್ ನಗರವು ಸೇಂಟ್ ಪೀಟರ್ಸ್‌ಬರ್ಗ್ ಎಂಬ ತನ್ನ ಹಳೆಯ ಹೆಸರನ್ನು ಮರಳಿ ತಳೆಯಿತು. ಜೀವನವೇ ದುರ್ಭರವಾಗಿದ್ದ ಆ ವರ್ಷಗಳಲ್ಲಿ ಅವರು ಆ ಊರಿನ ಬೀದಿಗಳಲ್ಲಿ ಕ್ಯಾಮರದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರು. ನೆಲದಡಿಯ ರೈಲುನಿಲ್ದಾಣವೊಂದರ ಮೆಟ್ಟಿಲುಗಳ ಮೇಲೆ ನುಗ್ಗುವ ಜನಸಂದಣಿಯು ಹೊಗೆಯಂತೆ ಹಬ್ಬಿಕೊಂಡಿದೆ. ಮುಖಗಳ ಗುರುತು ಸಿಕ್ಕದು. ಆದರೆ ಕಂಬಿಯನ್ನು ಹಿಡಿದ ಕೆಲವು ಕೈಗಳು ಆ ಹೊಗೆಯೊಳಗಿಂದ ತೋರುವುವು.

ದೋಷಗಳಲ್ಲಿ ಅನಿತ್ಯವಾದವು ಉಂಟೆಂದು ಆನಂದವರ್ಧನನು ಹೇಳಿರುವನು. ಶ್ರುತಿಕಟುವಾದ ಶಬ್ದವು ಶೃಂಗಾರದಲ್ಲಿ ತ್ಯಾಜ್ಯ. ರೌದ್ರದಲ್ಲಾದರೆ ಅದೇ ರಸಕ್ಕೆ ಉಪಕಾರಕ. ಮಸುಕೂ ಅಂತಹ ಅನಿತ್ಯದೋಷವೆಂದು ನನ್ನ ಎಣಿಕೆ. ಮದುವೆಯ ಚಿತ್ರದಲ್ಲಿ ವಧುವಿನ ಮುಖವು ಮಸುಕಾದರೆ ಹೆತ್ತವರು ಮರುಗುವರು, ಅದು ನ್ಯಾಯವೇ. ಇಲ್ಲಿಯಾದರೋ ಮುಖಗಳು ಅಳಿದುದರಿಂದಲೇ ಕರುಣವು ಧ್ವನಿತವಾಗುವುದು. ದಿಕ್ಕುಗೆಟ್ಟ ಒಂದು ಜನಾಂಗದ ಅವಸ್ಥೆಯನ್ನು ಒಬ್ಬನ ಸ್ಫುಟವಾದ ಮುಖವು ಇಷ್ಟುಮಟ್ಟಿಗೆ ಸೂಚಿಸಲಾರದು.

ಆದರೆ ಒಂದು ಆಕ್ಷೇಪವನ್ನು ಕಡೆಗಣಿಸಲಾಗದು. ಕಷ್ಟದಲ್ಲಿರುವವರ ಮುಖವನ್ನಳಿಸಿ ಅವರನ್ನು ಹೊಗೆಯಾಗಿಸುವುದು ಅವಮಾನವಲ್ಲವೆ? ಆ ಕೈಗಳು ಇಲ್ಲದಿದ್ದಲ್ಲಿ ಅವಮಾನವೇ ಆಗುತ್ತಿದ್ದಿತೆಂದು ಒಪ್ಪುವೆನು. ಮೆಟ್ಟಿಲೇರುವಾಗ ಆಸರೆಗಾಗಿ ಕಂಬಿಯನ್ನು ಬಿಗಿಹಿಡಿದವನು ಮನುಷ್ಯನಲ್ಲದೆ ನೆರಳಲ್ಲ. ಕ್ಷಣಕಾಲ ನಿಂತುದು ಮಾತ್ರವೇ ಚಿತ್ರದಲ್ಲಿ ಉಳಿಯುವುದಷ್ಟೆ. ಇಲ್ಲಿ ಉಳಿದಿರುವುದು ಆ ಹಿಡಿತ.

ಈಚೆಗೆ ಇದನ್ನು ಕಂಡು ಬರಿಯ ಮಬ್ಬನ್ನೇ ಕಲೆಯೆಂದು ಭ್ರಮಿಸುವ ಅನುಕರಣಗಳು ಹೆಚ್ಚಿವೆ. ಅವುಗಳಲ್ಲಿ ಹೊಗೆಯುಂಟು, ಕೈಯಿಲ್ಲ. ಅರ್ಥವಿಲ್ಲದ ಯಮಕದಂತೆ ಅವು ಚಮತ್ಕಾರಮಾತ್ರ. ಮಸುಕು ಎಷ್ಟಿದೆಯೆಂಬುದನ್ನಲ್ಲ, ಮಸುಕಿನಲ್ಲಿ ಏನು ಉಳಿದಿದೆಯೆಂಬುದನ್ನು ಸಹೃದಯರು ನೋಡತಕ್ಕದ್ದು.