ಮಿಶ್ರಸಂಚಾರದ ಅಳತೆಗೋಲು: ಒಂದು ವಿಮರ್ಶೆ

ಬೈಸಿಕಲ್ಲು, ಮೊಪೆಡ್, ಆಟೋರಿಕ್ಷಾ, ಕಾರು, ಬಸ್ಸುಗಳು ಒಂದೇ ಬೀದಿಯಲ್ಲಿ ಬೆರೆತು ಸಾಗುವಾಗ ಆ ಸಂಚಾರವನ್ನು ಅಳೆಯುವ ಬಗೆ ಯಾವುದು? ಬರಿಯ ಎಣಿಕೆಯಿಂದ ಕಾರ್ಯ ಸಾಗದು. ಬಸ್ಸೂ ಬೈಸಿಕಲ್ಲೂ ಬೀದಿಗೆ ಸಮವಾದ ಹೊರೆಯಲ್ಲವಷ್ಟೆ. ಈ ತೊಡಕನ್ನು ಬಿಡಿಸಲೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು 1990ರಲ್ಲಿ ನಗರರಸ್ತೆಗಳ ಸಾಮರ್ಥ್ಯವನ್ನು ಕುರಿತು ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಕಾರನ್ನೇ ಏಕಮಾನವಾಗಿಟ್ಟುಕೊಂಡು, ಉಳಿದ ವಾಹನಗಳ ಹೊರೆಯನ್ನು ಅದರ ಅಂಶವಾಗಿಯೋ ಮಡಿಯಾಗಿಯೋ ಗೊತ್ತುಮಾಡಿತು. ಇದನ್ನು ನಾವು ‘ಕಾರುಮಾನ’ವೆಂದು ಕರೆಯುವೆವು. ಬಂಗಾರಪೇಟೆ, ಕೋಲಾರದ ಚಿನ್ನದ ಗಣಿ ಮುಂತಾದ ಊರುಗಳಿಗೆ ಈ ಮಾನವು ಎಷ್ಟರಮಟ್ಟಿಗೆ ಸಲ್ಲುವುದೆಂಬುದೇ ಇಲ್ಲಿಯ ವಿಚಾರ.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಒಂದು ಬಗೆಯ ವಾಹನದ ಹೊರೆಯು ಸಂಚಾರದಲ್ಲಿ ಅದರ ಪಾಲನ್ನು ಅನುಸರಿಸಿ ಬದಲಾಗುವುದೆಂಬುದನ್ನು ಮಾರ್ಗದರ್ಶಿಯು ಮನಗಂಡಿದೆ. ಆದುದರಿಂದಲೇ ಪ್ರತಿಯೊಂದಕ್ಕೂ ಎರಡೆರಡು ಅಂಕಿಗಳನ್ನು ಕೊಟ್ಟಿದೆ: ಪಾಲು ನೂರಕ್ಕೆ 5ರಷ್ಟಿದ್ದರೆ ಒಂದು, 10 ಅಥವಾ ಅದಕ್ಕೆ ಮೇಲ್ಪಟ್ಟರೆ ಇನ್ನೊಂದು. ದ್ವಿಚಕ್ರ ಮೋಟಾರುವಾಹನಕ್ಕೆ 0.5 ಮತ್ತು 0.75, ಬೈಸಿಕಲ್ಲಿಗೆ 0.4 ಮತ್ತು 0.5, ಆಟೋರಿಕ್ಷಾಕ್ಕೆ 1.2 ಮತ್ತು 2.0.

ದೋಷವಿರುವುದೂ ಇಲ್ಲಿಯೇ. ದ್ವಿಚಕ್ರಗಳ ಪಾಲು ನೂರಕ್ಕೆ 10 ಇದ್ದರೂ 70 ಇದ್ದರೂ ಅಂಕಿ ಒಂದೇ. ಸಣ್ಣ ಊರಿನ ಪೇಟೆಬೀದಿಯಲ್ಲಿ ದ್ವಿಚಕ್ರಗಳೇ ಪ್ರವಾಹ, ಕಾರುಗಳು ಅದರ ನಡುವಣ ಬಂಡೆಗಳು. ಉದಾಹರಣೆಗಾಗಿ ಒಂದು ಗಂಟೆಯಲ್ಲಿ 600 ದ್ವಿಚಕ್ರ ಮೋಟಾರುವಾಹನ, 100 ಬೈಸಿಕಲ್ಲು, 100 ಆಟೋರಿಕ್ಷಾ, 100 ಕಾರು ಹಾದುಹೋದುವೆಂದು ಭಾವಿಸೋಣ. ಎರಡನೆಯ ಅಂಕಿಗಳಂತೆ ಮೊತ್ತವು 450, 50, 200, 100 ಸೇರಿ 800 ಕಾರುಮಾನ. ಅಂಚಿನಲ್ಲಿ ಅಂಗಡಿಗಳೂ ನಿಂತ ವಾಹನಗಳೂ ಇರುವ ಎರಡು ಪಥದ ಬೀದಿಗೆ ಮಾರ್ಗದರ್ಶಿಯು ಒಪ್ಪಿರುವ ಮಿತಿ ಗಂಟೆಗೆ 900. ಎಂದರೆ, ಕೇವಲ 100 ಕಾರುಗಳಿರುವ ಬೀದಿಯು ಕಾಗದದ ಮೇಲೆ ಬಹುಮಟ್ಟಿಗೆ ತುಂಬಿಹೋಯಿತು. ಅದಕ್ಕೆ ಮುಖ್ಯ ಕಾರಣ ದ್ವಿಚಕ್ರಗಳೆಂದಾಯಿತು.

ಇನ್ನೊಂದು ದಾರಿ ಇದೆ. ವಾಹನವು ನೆಲದ ಮೇಲೆ ಆವರಿಸುವ ಕ್ಷೇತ್ರವನ್ನೂ ಅದರ ವೇಗವನ್ನೂ ಕಾರಿನವುಗಳೊಡನೆ ಹೋಲಿಸಿ ಹೊರೆಯನ್ನು ಕಂಡುಹಿಡಿಯುವ ಕ್ರಮವನ್ನು ಸತೀಶ್ ಚಂದ್ರ ಮೊದಲಾದ ಸಂಶೋಧಕರು ಬೆಳೆಸಿದರು. ಕಾರಿನ ಕ್ಷೇತ್ರ ಸುಮಾರು 5.4 ಚದರ ಮೀಟರು, ದ್ವಿಚಕ್ರ ಮೋಟಾರಿನದು 1.2, ಬೈಸಿಕಲ್ಲಿನದು 0.85. ಕಾರು ಗಂಟೆಗೆ 30 ಕಿಲೋಮೀಟರು, ಬೈಸಿಕಲ್ಲು 12 ಸಾಗಿದರೆ ಬೈಸಿಕಲ್ಲಿನ ಹೊರೆ ಸುಮಾರು 0.4, ಇದು ಹಳೆಯ ಅಂಕಿಗೆ ಹೊಂದುತ್ತದೆ. ಆದರೆ 24 ಕಿಲೋಮೀಟರು ಸಾಗುವ ಮೊಪೆಡ್ಡಿಗೆ ಬರುವುದು 0.28 ಮಾತ್ರ, 0.75 ಅಲ್ಲ. ಮೇಲಿನ 600 ವಾಹನಗಳೂ ಹೀಗೆಯೇ ಸಾಗಿದರೆ ಅವುಗಳ ಹೊರೆ 450ರಿಂದ 168ಕ್ಕೆ ಇಳಿಯುವುದು.

ಈ ಸೂತ್ರವೂ ನಿರ್ದೋಷವಲ್ಲ. ಅದರಲ್ಲಿ ಮೊಪೆಡ್ಡಿಗೆ ಬೇರೆ ಅಳತೆಯಿಲ್ಲ. ಮೋಟಾರುಸೈಕಲ್ಲಿನ ಅಳತೆಯನ್ನೇ ನಾವು ಇಲ್ಲಿ ಬಳಸಬೇಕಾಯಿತು. ನೆರೆಯ ಹೊಸೂರಿನಲ್ಲಿ 1980ರಲ್ಲಿ ಟಿ.ವಿ.ಎಸ್. 50 ಹೊರಬಂದಂದಿನಿಂದ ಮೊಪೆಡ್ಡು ಬಡವರ ಸರಕುಗಾಡಿಯೂ ಆಗಿದೆ. ಎರಡು ಪಕ್ಕದಲ್ಲಿಯೂ ಹಾಲಿನ ಕ್ಯಾನುಗಳನ್ನೋ ತರಕಾರಿಯ ಚೀಲಗಳನ್ನೋ ಕಟ್ಟಿದ ಮೊಪೆಡ್ಡಿನ ಅಗಲವು ಬರಿಯ ವಾಹನದ್ದಲ್ಲ. ಬೀದಿಯಲ್ಲಿ ನಿಂತು ಅಳೆಯದೆ, ತಯಾರಕರ ಅಳತೆಯನ್ನು ನಂಬಿದರೆ ಫಲ ತಪ್ಪುವುದು.

ಮೂರನೆಯದು ಕಾಲದ ಪ್ರಶ್ನೆ. ಚಿನ್ನದ ಗಣಿಗಳು ನಡೆಯುತ್ತಿದ್ದಾಗ ಪಾಳಿ ಬದಲಾಗುವ ಹೊತ್ತೇ ಅಲ್ಲಿಯ ಬೀದಿಗಳ ಸಂದಣಿಯ ಹೊತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈಗ ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿಬರುವವರ ದಿನಚರಿಯನ್ನು ಮಾರಿಕುಪ್ಪಂ, ಬಂಗಾರಪೇಟೆಗಳ ರೈಲು ನಡೆಸುತ್ತದೆ. ರೈಲಿನ ಹೊತ್ತಿಗೆ ನಿಲ್ದಾಣದತ್ತ ಧಾವಿಸುವ ಸಂಚಾರವನ್ನು ಗಂಟೆಯ ಮೊತ್ತವು ಮರೆಮಾಡುವುದು. ಗಂಟೆಯ 800ರಲ್ಲಿ 400 ಒಂದೇ ಕಾಲುಗಂಟೆಯಲ್ಲಿ ಹಾದರೆ ಆಗಿನ ದರ 1600; ದಾಖಲೆಯಲ್ಲಿ ಮಾತ್ರ ಬೀದಿ ಸುಖವಾಗಿರುವುದು. ಆದಕಾರಣ ಇಂತಹ ಊರುಗಳಲ್ಲಿ ಐದೈದು ನಿಮಿಷದ ಎಣಿಕೆಯು ಅವಶ್ಯ.

ಕಡೆಯದಾಗಿ, ಕಾರುಮಾನವು ಅಡ್ಡಿಯ ಅಳತೆಯೇ ಹೊರತು ಉಪಯೋಗದ ಅಳತೆಯಲ್ಲ. ಎರಡು ಬೈಸಿಕಲ್ಲು ಒಂದು ಕಾರಿಗೆ ಸಮವೆಂದಾಗ, ಅಲ್ಲಿ ಇಬ್ಬರು ಸಾಗಿದರು, ಕಾರಿನಲ್ಲಿ ಒಬ್ಬನೇ ಇದ್ದಿರಬಹುದು ಎಂಬುದು ಲೆಕ್ಕಕ್ಕೆ ಬಾರದು. ಬೀದಿಯನ್ನು ಅಗಲಿಸಬೇಕೆ, ಬೈಸಿಕಲ್ಲಿಗೆ ಬೇರೆ ಪಥ ಕೊಡಬೇಕೆ ಎಂಬ ತೀರ್ಮಾನಗಳು ಈ ಅಂಕಿಗಳಿಂದಲೇ ಹೊರಡುವುವು. 2017ರ ಭಾರತೀಯ ಹೆದ್ದಾರಿ ಸಾಮರ್ಥ್ಯದ ಕೈಪಿಡಿಯು ವೇಗ ಕ್ಷೇತ್ರಗಳ ಕ್ರಮವನ್ನು ಅಂಗೀಕರಿಸಿರುವುದು ಸಂತೋಷದ ವಿಷಯ. ಆದರೆ ವಾಹನಗಳ ಅಂಕಣದ ಪಕ್ಕದಲ್ಲಿ ಜನರ ಅಂಕಣವೊಂದು ಸೇರುವವರೆಗೆ ಅಳತೆಯು ಅರ್ಧವೇ ಸರಿ.