ವಿಕಿಪೀಡಿಯವೂ ಇತಿಹಾಸದ ವಿದ್ಯಾರ್ಥಿಯೂ
2001ರಲ್ಲಿ ಆರಂಭವಾಗಿ 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯವನ್ನು ನಮ್ಮ ವಿದ್ಯಾರ್ಥಿಗಳು ಆಕರವೆಂದೇ ಬಗೆಯುತ್ತಿರುವುದು ಚಿಂತಿಸತಕ್ಕ ವಿಷಯ. ಅದರ ನಿಜವಾದ ಬೆಲೆಯಿರುವುದು ಲೇಖನಕ್ಕಿಂತ ಹೆಚ್ಚಾಗಿ, ಪ್ರತಿಯೊಂದು ತಿದ್ದುಪಡಿಯನ್ನೂ ಕಾಲಸಹಿತವಾಗಿ ಉಳಿಸುವ ‘ಇತಿಹಾಸ’ ಪುಟದಲ್ಲಿ ಮತ್ತು ವಾದಗಳು ನಡೆಯುವ ‘ಚರ್ಚೆ’ ಪುಟದಲ್ಲಿ. ಪಾಠಾಂತರಗಳನ್ನು ಹೋಲಿಸಿ ನೋಡುವ ಶಿಕ್ಷಣ ಅಲ್ಲಿ ದೊರೆಯುತ್ತದೆ.

ಆದರೆ ಬಹುಜನರ ಒಪ್ಪಿಗೆಯೇ ಪ್ರಮಾಣವಾಗದು. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಅದರ ಕಾಲವನ್ನು ಲಿಪಿ, ಭಾಷೆ, ಉಕ್ತ ವ್ಯಕ್ತಿಗಳಿಂದ ನಿರ್ಣಯಿಸಬೇಕು. ಅಂತಹ ಸ್ವತಂತ್ರ ಸಂಶೋಧನೆಗೆ ವಿಕಿಪೀಡಿಯದ ನಿಯಮವೇ ಎಡೆಗೊಡುವುದಿಲ್ಲ. ಆದುದರಿಂದ ವಿದ್ಯಾರ್ಥಿಯು ಮೊದಲು ಶಾಸನಪಾಠವನ್ನೂ ವಿದ್ವಾಂಸರ ಪ್ರಕಟಿತ ವಾದಗಳನ್ನೂ ಓದಲಿ. ಅನಂತರ ಆಧಾರ ತೋರಿಸಿ ಲೇಖನವನ್ನು ತಿದ್ದಲಿ. ಅಧ್ಯಾಪಕರು ಅಂಕ ಕೊಡತಕ್ಕದ್ದು ಆ ಆಧಾರಕ್ಕೆ, ನಕಲಿಗಲ್ಲ.