ಹೀರುದ್ವಾರ ಹಿಗ್ಗಿದರೆ ಶಕ್ತಿ ಹಿಗ್ಗುವುದೇ? ಟರ್ಬೋ ರೋಟರಿ ಎಂಜಿನ್ನಿನ ಮಾರ್ಪಾಡು: ಒಂದು ವಿಮರ್ಶೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳು ನಮ್ಮಲ್ಲಿ ಅನೇಕರಿಗೆ ಪರಿಚಿತ. ಅವುಗಳ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಈ ಕಂಡಿಗಳನ್ನು ಉಜ್ಜಿ ದೊಡ್ಡದು ಮಾಡಿ ಗಾಡಿಯ ವೇಗ ಹೆಚ್ಚಿಸುವ ಪ್ರಯತ್ನಗಳು ಹಿಂದಿನಿಂದಲೂ ಇವೆ. ಇದೇ ವಿದ್ಯೆಯನ್ನು ಟರ್ಬೋಚಾರ್ಜರ್ ಹೊಂದಿದ ರೋಟರಿ ಎಂಜಿನ್ನಿನ ಕಾರುಗಳಿಗೆ ಅನ್ವಯಿಸುವವರ ವಾದ ಹೀಗಿದೆ: ದ್ವಾರ ಹಿಗ್ಗಿದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಈ ವಾದದಲ್ಲಿ ನಿಜ ಎಷ್ಟು, ಅದು ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎಂಜಿನ್ನಿನ ರಚನೆ

ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ರೋಟರಿ ಎಂಜಿನ್ 1957ರಲ್ಲಿ ಎನ್.ಎಸ್.ಯು. ಕಂಪನಿಯಲ್ಲಿ ಮೊದಲ ಬಾರಿಗೆ ಚಾಲನೆಗೊಂಡಿತು. ಜಪಾನಿನ ಮಾಜ್ದಾ ಕಂಪನಿ 1967ರಿಂದ ಅದನ್ನು ಕಾರುಗಳಲ್ಲಿ ಬಳಸಿತು. ನಡು ಸ್ವಲ್ಪ ಒಳಗೊತ್ತಿದ ಮೊಟ್ಟೆಯಾಕಾರದ ಕವಚದೊಳಗೆ ಮೂರು ಮೂಲೆಗಳ ರೋಟರ್ ತಿರುಗುತ್ತದೆ. ರೋಟರಿನ ಮೂರು ಮುಖಗಳಲ್ಲಿ ಹೀರುವಿಕೆ, ಒತ್ತುವಿಕೆ, ದಹನ ಮತ್ತು ಹೊರದೂಡುವಿಕೆ ಸರದಿಯಂತೆ ನಡೆಯುತ್ತವೆ. ರೋಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ತಿರುಗುತ್ತದೆ. ಆದ್ದರಿಂದ ಒಂದೊಂದು ಹಂತವೂ ದಂಡದ 270 ಡಿಗ್ರಿ ತಿರುವಿನಷ್ಟು ಕಾಲ ನಡೆಯುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಇದು 180 ಡಿಗ್ರಿ.

ಕೋಣೆಯ ಗಾತ್ರವನ್ನು ಓದುಗರೇ ಲೆಕ್ಕ ಹಾಕಬಹುದು. 3 ಗುಣಿಸು 3ರ ವರ್ಗಮೂಲ, ಗುಣಿಸು ದಂಡದ ಉತ್ಕೇಂದ್ರತೆ, ಗುಣಿಸು ರೋಟರಿನ ತ್ರಿಜ್ಯ, ಗುಣಿಸು ಅಗಲ. ಮಾಜ್ದಾದ 13ಬಿ ಎಂಜಿನ್ನಿನಲ್ಲಿ ಇವು ಕ್ರಮವಾಗಿ 15, 105 ಮತ್ತು 80 ಮಿಲಿಮೀಟರ್. ಬರುವ ಉತ್ತರ ಸುಮಾರು 654 ಘನ ಸೆಂಟಿಮೀಟರ್. ಎರಡು ರೋಟರಿಗೆ 1308. ಈ ಗಾತ್ರವನ್ನು ಯಾವ ಉಜ್ಜುವಿಕೆಯೂ ಬದಲಿಸದು. ಬದಲಾಗುವುದು ದ್ವಾರದ ವಿಸ್ತಾರ ಮತ್ತು ಅದು ತೆರೆದು ಮುಚ್ಚುವ ಕ್ಷಣ ಮಾತ್ರ.

ಮೂರು ಬಗೆಯ ಮಾರ್ಪಾಡು

13ಬಿ ಎಂಜಿನ್ನಿನ ಹೀರುದ್ವಾರಗಳು ಎರಕದ ಕಬ್ಬಿಣದ ಪಕ್ಕದ ಫಲಕಗಳಲ್ಲಿವೆ. ಅವನ್ನು ಇದ್ದಲ್ಲೇ ಸ್ವಲ್ಪ ಅಗಲಿಸಿ, ಮುಚ್ಚುವ ಕ್ಷಣವನ್ನು ಮುಂದೂಡುವುದು ಮೊದಲ ಬಗೆ. ಇದಕ್ಕೆ ಸ್ಟ್ರೀಟ್ ಪೋರ್ಟ್ ಎಂದು ಹೆಸರು. ಮೂಲ ದ್ವಾರದ ಹೊರಗೆ ಹುಬ್ಬಿನಾಕಾರದ ಇನ್ನೊಂದು ಸೀಳು ಕೊರೆದು, ನಡುವೆ ಕಿರಿದಾದ ಸೇತುವೆ ಉಳಿಸುವುದು ಎರಡನೆಯದು, ಬ್ರಿಡ್ಜ್ ಪೋರ್ಟ್. ರೋಟರಿನ ಮೂಲೆಯ ಸೀಲ್ ದ್ವಾರದೊಳಗೆ ಬೀಳದಂತೆ ಆ ಸೇತುವೆ ಆಸರೆ ಕೊಡುತ್ತದೆ. ಪಕ್ಕದ ದ್ವಾರಗಳನ್ನು ಮುಚ್ಚಿ ಹೊರಕವಚದಲ್ಲೇ ರಂಧ್ರ ಮಾಡುವುದು ಮೂರನೆಯದು, ಪೆರಿಫೆರಲ್ ಪೋರ್ಟ್. 1991ರ ಲ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಗೆದ್ದ ಮಾಜ್ದಾ 787ಬಿ ಕಾರಿನದು ಈ ಮೂರನೆಯ ಬಗೆ. ಆ ಎಂಜಿನ್ನಿಗೆ ನಾಲ್ಕು ರೋಟರುಗಳಿದ್ದವು. ಟರ್ಬೋ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ದ್ವಾರವನ್ನು ತಡವಾಗಿ ಮುಚ್ಚುವುದರಿಂದ ಲಾಭವೇನು? ನಿಮಿಷಕ್ಕೆ 7000 ಸುತ್ತಿನಲ್ಲಿ 270 ಡಿಗ್ರಿ ತಿರುವಿಗೆ ಸಿಗುವ ಕಾಲ ಸುಮಾರು 6.4 ಮಿಲಿಸೆಕೆಂಡು. ಇಷ್ಟು ಅಲ್ಪಕಾಲದಲ್ಲಿ ನುಗ್ಗಿ ಬರುವ ಗಾಳಿಗೆ ತನ್ನದೇ ಜಡತ್ವವಿರುತ್ತದೆ. ಕೋಣೆ ಕುಗ್ಗಲು ಆರಂಭಿಸಿದ ಮೇಲೂ ಅದು ಒಳಗೆ ಬರುತ್ತಲೇ ಇರುತ್ತದೆ. ಆದರೆ 2000 ಸುತ್ತಿನಲ್ಲಿ ಸಿಗುವ ಕಾಲ 22.5 ಮಿಲಿಸೆಕೆಂಡು. ಗಾಳಿಯ ಓಟ ನಿಧಾನವಾಗಿರುವುದರಿಂದ, ತಡವಾಗಿ ಮುಚ್ಚುವ ದ್ವಾರದ ಮೂಲಕ ಬಂದ ಗಾಳಿಯೇ ಹಿಂದಕ್ಕೆ ಹೋಗುತ್ತದೆ. ಊರೊಳಗೆ, ಹೆದ್ದಾರಿಯಲ್ಲಿ ಕಾರು ಹೆಚ್ಚು ಹೊತ್ತು ಓಡುವುದು ಕೆಳಗಿನ ಸುತ್ತುಗಳಲ್ಲೇ. ಅಂದರೆ ದಿನಕ್ಕೆ ಕೆಲವು ಸೆಕೆಂಡು ಸಿಗುವ ಶಕ್ತಿಗಾಗಿ ದಿನವಿಡೀ ಬೇಕಾದ ಎಳೆತವನ್ನು ಬಿಟ್ಟುಕೊಟ್ಟಂತಾಯಿತು.

ಟರ್ಬೋ ಸೇರಿದಾಗ

ಇಲ್ಲಿಯವರೆಗಿನ ಮಾತು ಎಲ್ಲ ರೋಟರಿ ಎಂಜಿನ್ನುಗಳಿಗೂ ಅನ್ವಯ. ಟರ್ಬೋ ಸೇರಿದಾಗ ಲೆಕ್ಕ ಬದಲಾಗುತ್ತದೆ. ಟರ್ಬೋ ಈಗಾಗಲೇ ಗಾಳಿಯನ್ನು ಒತ್ತಡದಿಂದ ತಳ್ಳುತ್ತಿರುತ್ತದೆ. ಆದ್ದರಿಂದ ದ್ವಾರದ ಇಕ್ಕಟ್ಟು ಸಾಧಾರಣ ಎಂಜಿನ್ನಿನಲ್ಲಿದ್ದಷ್ಟು ದೊಡ್ಡ ಅಡ್ಡಿಯಲ್ಲ. ಅದಕ್ಕಿಂತ ಮುಖ್ಯವಾದದ್ದು ಹೀರುದ್ವಾರ ಮತ್ತು ಹೊಗೆದ್ವಾರ ಎರಡೂ ಒಟ್ಟಿಗೆ ತೆರೆದಿರುವ ಅವಧಿ. ಟರ್ಬೈನ್ ಅಡ್ಡ ನಿಂತಿರುವುದರಿಂದ ಹೊಗೆಕೊಳವೆಯ ಒತ್ತಡ ಹೀರುಕೊಳವೆಯ ಒತ್ತಡವನ್ನು ಮೀರುವುದುಂಟು, ಅದರಲ್ಲೂ ಟರ್ಬೋ ಚಿಕ್ಕದಿದ್ದಾಗ. ಆಗ ಉರಿದ ಬಿಸಿ ಅನಿಲ ತೆರೆದ ಹೀರುದ್ವಾರದತ್ತ ಹಿಮ್ಮುಖವಾಗಿ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆಯಾಗಿ, ಇದ್ದ ಗಾಳಿಯೂ ಬಿಸಿಯಾಗುತ್ತದೆ. ಬ್ರಿಡ್ಜ್ ಪೋರ್ಟ್ ಈ ಅವಧಿಯನ್ನು ಬಹಳ ಹೆಚ್ಚಿಸುತ್ತದೆ. ಟರ್ಬೋವನ್ನು ಬದಲಿಸದೆ ದ್ವಾರವನ್ನು ಮಾತ್ರ ಕೊರೆದರೆ ಶಕ್ತಿ ಇಳಿಯಲೂಬಹುದು. ಬಾಗಿಲು ದೊಡ್ಡದಾದ ಮಾತ್ರಕ್ಕೆ ಕಣಜ ತುಂಬುವುದಿಲ್ಲ.

ಸ್ವತಃ ಮಾಜ್ದಾ ಕಂಪನಿ ಹಿಡಿದ ದಾರಿ ಬೇರೆಯಾಗಿತ್ತು. 1980ರ ದಶಕದ ಆರು ದ್ವಾರಗಳ ಟರ್ಬೋ ರಹಿತ 13ಬಿಯಲ್ಲಿ ಹೆಚ್ಚುವರಿ ದ್ವಾರಗಳು ಮೇಲಿನ ಸುತ್ತುಗಳಲ್ಲಿ ಮಾತ್ರ ತೆರೆಯುತ್ತಿದ್ದವು. 2003ರ ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್ನಿನಲ್ಲಿ ಹೊಗೆದ್ವಾರವನ್ನೂ ಪಕ್ಕದ ಫಲಕಕ್ಕೆ ತಂದು, ಎರಡೂ ಒಟ್ಟಿಗೆ ತೆರೆದಿರುವ ಅವಧಿಯನ್ನೇ ಇಲ್ಲವಾಗಿಸಿದರು. ವಿನ್ಯಾಸಕಾರರು ಕಷ್ಟಪಟ್ಟು ತೆಗೆದುಹಾಕಿದ ದೋಷವನ್ನು ಗ್ರೈಂಡರ್ ಹಿಡಿದವರು ಮತ್ತೆ ಕರೆತರುತ್ತಿದ್ದಾರೆ.

ನಮ್ಮ ಬಿಸಿಲು, ನಮ್ಮ ಪೆಟ್ರೋಲು

ಚಳಿದೇಶದ ಅಂಕಿಗಳನ್ನು ಬಯಲುಸೀಮೆಗೆ ಹಾಗೆಯೇ ತರಲಾಗದು. ಮೊಳಕಾಲ್ಮೂರು, ಚಳ್ಳಕೆರೆ, ಸಿದ್ದಾಪುರದ ಕಡೆಯ ರಸ್ತೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನವನ್ನು ನೆನೆಯಿರಿ. ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಟರ್ಬೋ ಆ ಗಾಳಿಯನ್ನು 1.7 ಪಟ್ಟು ಒತ್ತಿದರೆ, ಸಂಪೀಡಕದ ದಕ್ಷತೆ ಶೇ. 70 ಇದ್ದಲ್ಲಿ, ಹೊರಬರುವ ಗಾಳಿ ಸುಮಾರು 113 ಡಿಗ್ರಿ ಮುಟ್ಟುತ್ತದೆ. ಹೊರಗಿನ ಗಾಳಿ 15 ಡಿಗ್ರಿ ಇದ್ದಿದ್ದರೆ ಅದು ಸುಮಾರು 82 ಡಿಗ್ರಿಯಲ್ಲಿ ನಿಲ್ಲುತ್ತಿತ್ತು. ಇಂಟರ್‌ಕೂಲರ್ ಈ ಬಿಸಿಯನ್ನು ತಗ್ಗಿಸುತ್ತದೆ, ಆದರೆ ಹೊರಗಿನ ಗಾಳಿಗಿಂತ ತಂಪು ಮಾಡಲಾರದು. ಬಿಸಿ ಹೆಚ್ಚಿದಷ್ಟೂ ಇಂಧನ ತಾನಾಗಿಯೇ ಸಿಡಿಯುವ ಅಪಾಯ, ಅಂದರೆ ನಾಕಿಂಗ್, ಹೆಚ್ಚುತ್ತದೆ. ಪಿಸ್ಟನ್ ಎಂಜಿನ್ ಇಂಥ ಹೊಡೆತಗಳನ್ನು ಸ್ವಲ್ಪ ಕಾಲ ತಾಳಿಕೊಂಡೀತು. ರೋಟರಿಯಲ್ಲಿ ತುದಿಯ ಸೀಲ್ ಮುರಿಯಲು ಕೆಲವೇ ಹೊಡೆತ ಸಾಕು. ಮುರಿದ ತುಣುಕು ಕವಚವನ್ನು ಕೆರೆದು ಹೊಗೆದ್ವಾರದ ಮೂಲಕ ಟರ್ಬೈನಿಗೂ ಬಡಿಯುತ್ತದೆ.

ಇಂಧನದ ಮಾತೂ ಇದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದು ಪೂರ್ತಿ ಉರಿಯಲು 1 ಕಿಲೋ ಇಂಧನಕ್ಕೆ ಬೇಕಾದ ಗಾಳಿ ಸುಮಾರು 13.5 ಕಿಲೋ; ಶುದ್ಧ ಪೆಟ್ರೋಲಿಗೆ 14.7. ಹಳೆಯ ಲೆಕ್ಕದಂತೆ ಇಂಧನ ಚಿಮ್ಮಿಸುವ ಎಂಜಿನ್, ಪೂರ್ಣ ಹೊರೆಯಲ್ಲಿ ಸುಮಾರು ಶೇ. 8ರಷ್ಟು ಕಡಿಮೆ ಇಂಧನದಲ್ಲಿ ದುಡಿಯಬೇಕಾಗುತ್ತದೆ. ದ್ವಾರ ಹಿಗ್ಗಿಸಿ ಗಾಳಿ ಹೆಚ್ಚಿಸಿದ ಮೇಲೆ ಈ ಕೊರತೆ ಇನ್ನೂ ಅಪಾಯಕಾರಿ.

ಆಕಾಶದಿಂದ ಒಂದು ಪಾಠ

ರೋಟರಿ ಎಂಜಿನ್ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್.ಎ.ಎಲ್.) ಮತ್ತು ವೈಮಾನಿಕ ಅಭಿವೃದ್ಧಿ ಸಂಸ್ಥೆ (ಎ.ಡಿ.ಇ.), ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆಯೊಂದಿಗೆ ಸೇರಿ 55 ಅಶ್ವಶಕ್ತಿ ವರ್ಗದ ವ್ಯಾಂಕೆಲ್ ಎಂಜಿನ್ ರೂಪಿಸಿದವು. ಅದನ್ನು ಹೊತ್ತ ನಿಶಾಂತ್ ಚಾಲಕರಹಿತ ವಿಮಾನ 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ ಹಾರಿತು. ನಿಶಾಂತ್ ಇಂದು ಸೇವೆಯಲ್ಲಿಲ್ಲ. ಚಾಲಕರಹಿತ ವಿಮಾನಗಳ ಪರೀಕ್ಷೆಗೆ ಈಗ ಚಳ್ಳಕೆರೆ ತಾಲ್ಲೂಕಿನಲ್ಲಿಯೇ 2017ರಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯವಿದೆ.

ಇದರಿಂದ ಕಲಿಯುವುದೇನು? ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ ಬಹುಪಾಲು ಒಂದೇ ವೇಗದಲ್ಲಿ ಓಡುತ್ತದೆ. ಆ ವೇಗಕ್ಕೆ ಒಪ್ಪುವ ದ್ವಾರವನ್ನು ನಿರ್ಧರಿಸುವುದು ಸಾಧ್ಯ. ಪರೀಕ್ಷಾ ಪೀಠದ ಮೇಲೆ ಅಳೆದು, ಅನುಮತಿ ಪಡೆದ ನಂತರವೇ ಅದು ಮೇಲೇರುತ್ತದೆ. ರಸ್ತೆಯ ಕಾರಿಗೆ ಒಂದೇ ವೇಗವೆಂಬುದಿಲ್ಲ, ಅಳತೆಯ ಪೀಠವಂತೂ ದೂರದ ಮಾತು.

ತೀರ್ಮಾನ

ಹೀರುದ್ವಾರದ ಮಾರ್ಪಾಡು ಪೂರ್ತಿ ನಿರರ್ಥಕ ಎನ್ನಲಾಗದು. ಎಂಜಿನ್ ಆರೋಗ್ಯವಾಗಿದ್ದು, ಸೀಲುಗಳ ದಾರಿ ಬಿಟ್ಟು ಮಿತವಾಗಿ ಅಗಲಿಸಿ, ತಕ್ಕ ಟರ್ಬೋ ಜೋಡಿಸಿ, ಇಂಧನ ಮತ್ತು ಕಿಡಿಯ ಲೆಕ್ಕವನ್ನು ಹೊಸದಾಗಿ ಅಳೆದು ಕೂಡಿಸಿದರೆ ಮೇಲಿನ ಸುತ್ತುಗಳಲ್ಲಿ ಫಲ ಸಿಗುತ್ತದೆ. ಇವುಗಳಲ್ಲಿ ದ್ವಾರದ ಸ್ಥಾನ ಕೊನೆಯದು: ಮೊದಲು ತಂಪು, ನಂತರ ಇಂಧನ, ಆಮೇಲೆ ಟರ್ಬೋ, ಕಡೆಗೆ ದ್ವಾರ. ಬ್ರಿಡ್ಜ್ ಮತ್ತು ಪೆರಿಫೆರಲ್ ಪೋರ್ಟ್‌ಗಳು ಓಟದ ಕಣಕ್ಕೆ ಸೇರಿದವು. ಅವುಗಳ ಗುಡುಗಿನಂಥ ಸದ್ದನ್ನು ಶಕ್ತಿಯೆಂದು ಭ್ರಮಿಸಬಾರದು. ಕೊರೆತ ಒಂದಿಷ್ಟು ಆಳವಾದರೆ ತಂಪುನೀರಿನ ಕಾಲುವೆಯೇ ತೂತಾಗುತ್ತದೆ. ಕತ್ತರಿಸಿದ ಕಬ್ಬಿಣವನ್ನು ಮತ್ತೆ ಅಂಟಿಸುವಂತಿಲ್ಲ.

ಕಾನೂನಿನ ಮಿತಿಯೂ ಇದೆ. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಮಾರ್ಪಾಡಿನ ಮೋಹವುಳ್ಳ ಯುವಕರು ಗ್ರೈಂಡರ್ ಕೈಗೆತ್ತಿಕೊಳ್ಳುವ ಮುನ್ನ ಕಾಗದ, ಲೇಖನಿ ಹಿಡಿದು ಮೇಲಿನ ಲೆಕ್ಕಗಳನ್ನು ತಮ್ಮ ಎಂಜಿನ್ನಿಗೆ ಮಾಡಿ ನೋಡಲಿ. ಆ ಲೆಕ್ಕಕ್ಕೆ ಖರ್ಚಿಲ್ಲ, ಎಂಜಿನ್ನಿಗೆ ಹಾನಿಯೂ ಇಲ್ಲ.